ಅನಾನಸಿನ ಹಸಿರು ಜುಟ್ಟು

ಹಸಿರು ಜುಟ್ಟು, ಸ್ಕೂಟರಿನಲ್ಲಿ ಕಾಲಿಡುವ ಜಾಗದ ಚೀಲದಿಂದ ತಲೆ ಹೊರಹಾಕಿ ಮೊಣಕಾಲಿಗೆ ಚುಚ್ಚುತ್ತಿದೆ, ಚುಚ್ಚಲಿ, ನಿದ್ದೆಯಾದರೂ ದೂರವಿರುತ್ತದೆ, ಪೇಯ್‌ಚಿನ್ ರಾತ್ರಿಯಿಡೀ ತುರ್ತು ಚಿಕಿತ್ಸಾ ವಾರ್ಡಿನಲ್ಲಿ ನಿಂತೇ ಇದ್ದವಳು, ಆದರೂ ಕಾಲು ನೆಲದ ಮೇಲಿಲ್ಲ, ಇವತ್ತು ಮನೆ ನೋಡಲು ಗಿರಾಕಿ ಬರುತ್ತಾರೆ, ಅವಳದೇ ಗಿರಾಕಿ, ಇವತ್ತು ಆದರೆ ಆಯಿತು, ನಾಳೆಯಿಂದ ಪ್ರೇತಗಳ ತಿಂಗಳು, ಮನೆ ಕೊಳ್ಳಲು ಅಶುಭ, ಆಮೇಲೆ ತೈನಾನಿನಲ್ಲಿ ಮನೆಯ ಮಾತೆತ್ತುವವರು ಯಾರು — ದಲ್ಲಾಳಿ ಕಚೇರಿಯ ಯಜಮಾನ ಹ್ವಾಂಗ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ, ನೋಡಮ್ಮ ನರ್ಸಮ್ಮ, ಆ ತಿಂಗಳು ಹುಟ್ಟೋದ್ರೊಳಗೆ ಒಂದಾದ್ರೂ ಮಾರು, ಇಲ್ಲಾಂದ್ರೆ ಆ ಮೇಜು ಬೇರೆಯವರಿಗೆ. ಮೇಜು! ಕಿಟಕಿಯ ಪಕ್ಕದ ಪುಟ್ಟ ಮೇಜು, ಅದರ ಮೇಲೆ ಅವಳ ಹೆಸರು, ಆಸ್ಪತ್ರೆಯಲ್ಲಿ ಇಷ್ಟು ವರ್ಷ ಸವೆದರೂ ಕೂರಲು ಒಂದು ಕುರ್ಚಿ ತನ್ನದಾಗಲಿಲ್ಲ, ಬಿಡುವಿನ ಹೊತ್ತಿಗೆಂದು ಈ ಕಚೇರಿ ಸೇರಿ ನಾಲ್ಕು ತಿಂಗಳಿಗೇ ಮೇಜು, ಅದನ್ನು ಹೇಗೆ ಬಿಡುವುದು, ಬಾಗಿಲ ಹತ್ತಿರ ಅನಾನಸ್ ಇಡು ಅಂದಿದ್ದರು ಹ್ವಾಂಗ್, ಜನ ತಾವಾಗೇ ಬರ್ತಾರೆ — ಅವಳು ಕಿವಿ ಮುಚ್ಚಿಕೊಂಡಿದ್ದಳು, ವಾರ್ಡಿನಲ್ಲಿ ಆ ಹಣ್ಣಿನ ಹೆಸರೆತ್ತುವಂತಿಲ್ಲ, ಅವರ ಭಾಷೆಯಲ್ಲಿ ಅದರ ಹೆಸರೇ ಬರಲಿ, ಬರಲಿ ಎಂದು ಕರೆದ ಹಾಗೆ, ಅದು ಬಂದರೆ ಹಿಂದೆಯೇ ಜನ ಬರುತ್ತಾರೆ, ಅಂಗಡಿಗೆ ಅದು ಹಬ್ಬ, ನರ್ಸುಗಳಿಗೆ ಪ್ರಾಣಸಂಕಟ, ಒಮ್ಮೆ ಹೊಸ ಹುಡುಗಿಯೊಬ್ಬಳು ಅನಾನಸ್ ಕೇಕ್ ತಂದಾಗ ಹಿರಿಯ ನರ್ಸ್ ಶಿಯು ಅಕ್ಕ ಗದರಿದ್ದರು, ಏ, ಗೇಟಿನಾಚೆ ಹೋಗಿ ತಿನ್ನು, ಇಲ್ಲಿ ಬಿಚ್ಚಿದ್ರೆ ಬರೋ ರೋಗಿಗಳನ್ನೆಲ್ಲ ನೀನೊಬ್ಳೇ ನೋಡ್ಕೋಬೇಕು. ಈಗ ನೋಡಿದರೆ ಅದೇ ಹಣ್ಣು ಅವಳ ಕಾಲ ಬಳಿ ರಾಣಿಯ ಹಾಗೆ ಕೂತಿದೆ, ನಗು ಬರುತ್ತಿದೆ, ಹೆಲ್ಮೆಟ್ಟಿನೊಳಗೇ ನಕ್ಕಳು.

ಮೂರನೇ ಮಹಡಿ, ಬಾಗಿಲ ಪಕ್ಕ ಚಪ್ಪಲಿ ಕಪಾಟಿನ ಮೇಲೆ ಅನಾನಸ್, ಸರಿ, ಇನ್ನು ಬಾಲ್ಕನಿಯ ಗಾಜಿನ ಬಾಗಿಲು ಬಿಗಿಯಾಗಿ ಮುಚ್ಚಬೇಕು, ಈ ಮನೆಗಿರುವ ಐಬು ಅದೊಂದೇ, ಬಾಲ್ಕನಿಯ ಎದುರಿಗೇ ಅವಳ ಆಸ್ಪತ್ರೆಯ ತುರ್ತು ಗೇಟು, ಆಂಬುಲೆನ್ಸಿನ ಕೂಗು, ಅದಕ್ಕೇ ಇದು ಮಾರಾಟವಾಗದೆ ಉಳಿದಿದೆ, ಗಾಜು ಮುಚ್ಚಿದರೆ ಎಷ್ಟು ಶಾಂತ, ಕೇಳಿದರೆ ಹೇಳಿದರಾಯಿತು, ಕೇಳದಿದ್ದರೆ — ಬಾಗಿಲ ಗಂಟೆ ಸದ್ದಾಯಿತು, ಗಿರಾಕಿ ಕುವೋ ಅಮ್ಮ, ತಲೆ ನರೆತ ಗಟ್ಟಿ ಹೆಂಗಸು, ಒಂದು ಕಾಲು ಹೊಸ್ತಿಲೊಳಗಿಟ್ಟವರು ಹಾವು ಕಂಡ ಹಾಗೆ ಹಿಂದೆ ಸರಿದರು. ಅದನ್ನ ಆಚೆ ಇಡಮ್ಮ, ಮೂವತ್ತು ವರ್ಷ ನರ್ಸಾಗಿದ್ದೋಳು ನಾನು, ಅದಿರೋ ಕಡೆ ಕಾಲಿಡಲ್ಲ. ಅಯ್ಯೋ, ನರ್ಸ್, ನರ್ಸೇ ಬಂದಿದ್ದಾರೆ, ಪೇಯ್‌ಚಿನ್ ಅನಾನಸನ್ನು ಬಾಚಿಕೊಂಡು ಓಡಿದಳು, ಎಲ್ಲಿಡಲಿ, ಎಲ್ಲಿಡಲಿ, ಬಾಲ್ಕನಿ, ಬಾಗಿಲು ಸರಿಸಿದಳು, ಜುಟ್ಟು ಹೊರಗೆ ಹೋಯಿತು, ಕೂಗು ಒಳಗೆ ಬಂತು, ಮನೆ ತುಂಬ ಬಂತು. ಅದು ಆಂಬುಲೆನ್ಸಾ, ಕುವೋ ಅಮ್ಮ ಕೇಳುತ್ತಿದ್ದಾರೆ, ಯಾವಾಗಲೋ ಒಮ್ಮೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದೆ, ಆದರೆ ಮೂವತ್ತು ವರ್ಷದ ನರ್ಸಿನ ಎದುರು ನಾಲಿಗೆ ಹೊರಳಲೇ ಇಲ್ಲ, ಹೌದಮ್ಮ, ಹಗಲೂ ರಾತ್ರಿ ಇದೇ, ನಾನೂ ಅಲ್ಲೇ ಕೆಲಸ ಮಾಡೋದು — ಹೋಯಿತು, ಮೇಜು ಹೋಯಿತು, ಕಿಟಕಿಯ ಪಕ್ಕದ ಮೇಜು.

ಕುವೋ ಅಮ್ಮ ಬರಿಯ ನೆಲದ ಮೇಲೆ ಕೂತೇಬಿಟ್ಟರು, ಕಣ್ಣು ಮುಚ್ಚಿ ಕೇಳುತ್ತಿದ್ದಾರೆ, ಮಗಳ ಮನೇಲಿ ಸದ್ದೇ ಇಲ್ಲ ಕಣೇ, ಕೆಲಸ ಬಿಟ್ಟಾಗಿಂದ ನಂಗೆ ನಿದ್ದೇನೇ ಇಲ್ಲ, ಇಲ್ಲಿ ಈ ಕೂಗು ಕೇಳ್ತಾ ಮಲಗಿದ್ರೆ ಬೇರೆಯವರು ಡ್ಯೂಟಿಲಿದ್ದಾರೆ, ನಾನಿಲ್ಲ ಅಂತ ಆರಾಮಾಗಿ ನಿದ್ದೆ ಮಾಡಬಹುದು, ಇವತ್ತೇ ಕರಾರಿಗೆ ಸಹಿ ಹಾಕ್ತೀನಿ, ನಾಳೆ ಆದ್ರೆ ಆಗಲ್ಲ. ಇವತ್ತೇ! ಮಾರಿದಳು, ಪೇಯ್‌ಚಿನ್ ಮನೆ ಮಾರಿದಳು, ಕುಣಿಯಬೇಕು, ಹ್ವಾಂಗರಿಗೆ ಹೇಳಬೇಕು, ಜೇಬಿನಲ್ಲಿ ಫೋನು ಅದುರುತ್ತಿದೆ, ಹ್ವಾಂಗರೇ ಇರಬೇಕು, ಅಲ್ಲ, ಶಿಯು ಅಕ್ಕ, ಪೇಯ್‌ಚಿನ್, ಎಲ್ಲಿದ್ದೀಯೆ, ಬೇಗ ಬಾ, ಆಂಬುಲೆನ್ಸ್ ಒಂದರ ಹಿಂದೆ ಒಂದು ಬರ್ತಾನೇ ಇವೆ, ಯಾವಳೋ ಅನಾನಸ್ ತಂದಿಟ್ಟಿದ್ದಾಳೆ, ಕಪಾಟೆಲ್ಲ ಹುಡುಕಿಸ್ತಿದ್ದೀನಿ, ಸಿಕ್ಕಲಿ ಅವಳು — ಬಂದೆ ಅಕ್ಕ, ಬಂದೆ, ಕೂಗು ಇನ್ನೊಂದು, ಅದರ ಹಿಂದೆ ಮತ್ತೊಂದು, ಪೇಯ್‌ಚಿನ್ ತಿರುಗಿ ನೋಡಿದಳು, ಬಾಲ್ಕನಿಯ ಕಟ್ಟೆಯ ಮೇಲೆ, ತಾನೇ ಇಟ್ಟದ್ದು, ತುರ್ತು ಗೇಟಿಗೆ ನೇರ ಮುಖಮಾಡಿ, ಬಿಸಿಲಿನಲ್ಲಿ ಸೆಟೆದು ನಿಂತ ಹಸಿರು ಜುಟ್ಟು