ಉಗುರಿಲ್ಲದ ಹೆಜ್ಜೆ

ಚೆನ್ನಯ್ಯ ಮೇಷ್ಟ್ರು ನೆಲ ನೋಡದೆ ನಡೆದದ್ದನ್ನು ನಾಪೋಕ್ಲಿನಲ್ಲಿ ಕಂಡವರಿಲ್ಲ. ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ, ಕನ್ನಡದ ಮಾತೇ ನಡೆಯುವ ಶನಿವಾರಸಂತೆಯಿಂದ ಚಿತ್ರಕಲೆ ಕಲಿಸಲು ಬಂದ ಅವರು, ಮಾಗಿಯ ಮುಂಜಾನೆಗಳಲ್ಲಿ, ಇದ್ದಿಲಿನಿಂದ ಜೇಬು ಕಪ್ಪಾದ ಖಾಕಿ ಕೋಟು ತೊಟ್ಟು, ಕೊಯ್ಲಾದ ಗದ್ದೆಗಳ ನಡುವೆ ಕೊಕ್ಕರೆಯಂತೆ ಕಾಲೆತ್ತಿಟ್ಟು ಸಂಚರಿಸುತ್ತಿದ್ದರು. ಇಬ್ಬನಿಯಲ್ಲಿ ಮೂಡಿದ ಹೆಜ್ಜೆ ಬೆಕ್ಕಿನದಾದರೂ ಸರಿ, ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದರು. ಅವರ ಚಿತ್ರಗಳಲ್ಲಿ ಮಂಜಿರುತ್ತಿತ್ತು, ಗದ್ದೆಯಿರುತ್ತಿತ್ತು, ಪ್ರಾಣಿ ಮಾತ್ರ ಇರುತ್ತಿರಲಿಲ್ಲ. ಅದು ಹಾದುಹೋದ ಹೆಜ್ಜೆಗಳಷ್ಟೇ. ಕಣ್ಣಾರೆ ಕಾಣದ ಹೆಜ್ಜೆಯನ್ನು ಬರೆಯುವುದಿಲ್ಲವೆಂಬುದು ಅವರ ಹಟ.

ಒಂದು ಡಿಸೆಂಬರಿನಲ್ಲಿ ನೆರೆಮನೆಯ ಬೋಜಮ್ಮ ಬಂದು ಕೇಳಿದರು: "ಅಪ್ಪನ ಕಣ್ಣು ಹೋಗ್ತಾ ಉಂಟು ಮೇಷ್ಟ್ರೇ. ಪೂರ್ತಿ ಹೋಗುವ ಮೊದಲು, ಗದ್ದೇಲಿ ನರಿ ಹೆಜ್ಜೆ ಇರುವ ಚಿತ್ರ ಒಂದು ಬರೆದು ಕೊಡಿ."

ವಾರದೊಳಗೆ ಚಿತ್ರ ಸಿದ್ಧವಾಯಿತು. ಅಪ್ಪ ನಾಣಯ್ಯ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಇದಕ್ಕೆ ಉಗುರು ಉಂಟಲ್ಲ? ನರಿ ಉಗುರು ಊರಿ ನಡೀತದಾ?" ಎಂದರು.

"ನರಿ ಮತ್ತೆ ಹೆಂಗೆ ನಡೀತದೆ?" ಎಂದರು ಮೇಷ್ಟ್ರು.

ಬೋಜಮ್ಮ ನಗು ತಡೆದುಕೊಂಡು ಬಿಡಿಸಿ ಹೇಳಿದರು: ಕೊಡವರ ಮಾತಿನಲ್ಲಿ ನರಿಯೆಂದರೆ ಹುಲಿ, ಉಗುರು ಒಳಗೆಳೆದುಕೊಂಡು ನಡೆಯುವಂಥದ್ದು. ಹುಲಿ ಹೊಡೆದವನನ್ನು ಮದುಮಗನಂತೆ ಅಲಂಕರಿಸಿ ಕೂರಿಸುವ ನರಿಮಂಗಲದ ಗೌರವ ಅಪ್ಪನಿಗೆ ಹರೆಯದಲ್ಲಿ ಸಂದಿತ್ತು. ಆ ಬೇಟೆಯ ಬೆಳಿಗ್ಗೆ ತಾವು ಹಿಂಬಾಲಿಸಿದಂಥ ಹೆಜ್ಜೆಗಳನ್ನು ಇನ್ನೊಮ್ಮೆ ನೋಡುವ ಆಸೆ ಅವರದು. ಇಲ್ಲಿಗೆ ಬಂದ ನಾಲ್ಕು ವರ್ಷವೂ ನೆಲವನ್ನೇ ನೋಡಿದ ಮೇಷ್ಟ್ರ ಕಿವಿಗೆ ಊರಿನ ಮಾತು ಬಿದ್ದಿರಲಿಲ್ಲ.

ನಾಣಯ್ಯ ಒಲೆಯ ಬೂದಿ ಹರಡಿ, ಅದರ ಮೇಲೆ ಮುಷ್ಟಿಯೊತ್ತಿ, ಬೆರಳಿನಿಂದ ನಾಲ್ಕು ಗುರುತಿಟ್ಟು, ಹುಲಿಹೆಜ್ಜೆ ಮಾಡಿ ತೋರಿಸಿದರು.

"ಇದು ನಿಮ್ಮ ಕೈ. ಹುಲಿ ಹೆಜ್ಜೆ ನಾನು ಕಂಡಿಲ್ಲ, ಕಂಡ ಮೇಲೆ ಬರೀತೀನಿ" ಎಂದುಬಿಟ್ಟರು ಮೇಷ್ಟ್ರು. ಬೋಜಮ್ಮನವರಿಗೆ ಸಿಟ್ಟು ಬಂತು, ಬಂದದ್ದು ನ್ಯಾಯವೇ.

ಆ ಮಾಗಿಯ ರಜಾದಿನಗಳನ್ನೆಲ್ಲ ಮೇಷ್ಟ್ರು ಕಕ್ಕಬೆಯ ಬೆಟ್ಟದಂಚಿನಲ್ಲಿ ಅಲೆದು ಕಳೆದರು. ಫೆಬ್ರವರಿಯಲ್ಲಿ, ತೊರೆಯ ದಡದ ಹಸಿಮಣ್ಣಿನಲ್ಲಿ, ಉಗುರಿನ ಗುರುತಿಲ್ಲದ ಅಗಲವಾದ ಹೆಜ್ಜೆಗಳ ಸಾಲು ಸಿಕ್ಕಿತು. ಮೂರು ದಿನ ಊಟ ನಿದ್ದೆ ಬಿಟ್ಟು ಬರೆದು, ಎಣ್ಣೆಬಣ್ಣ ಆರುವ ಮೊದಲೇ ಹೊತ್ತು ತಂದರು. ಅವರ ಕೈಯಿಂದ ಅಷ್ಟು ಒಳ್ಳೆಯ ಚಿತ್ರ ಮತ್ತೆ ಬರಲಿಲ್ಲ.

ಜಗಲಿಯಲ್ಲಿದ್ದ ನಾಣಯ್ಯ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು. ಸಂಕ್ರಾಂತಿ ಕಳೆದ ಮೇಲೆ ಅವರಿಗೆ ಬೆಳಕೂ ಕಾಣುತ್ತಿರಲಿಲ್ಲ.

"ಯಾವ ಕಡೆ ಹೋಗಿದೆ ಮೇಷ್ಟ್ರೇ?"

"ಕಾಡಿನ ಕಡೆಗೆ."

"ಹಾಗಾದ್ರೆ ಸರಿ" ಎಂದು ಚಿತ್ರವನ್ನು ಹಿಂದಿರುಗಿಸಿದರು. ಮೇಷ್ಟ್ರಿಗೆ, ಬಹುಶಃ ಮೊದಲ ಸಲ, ತಮ್ಮ ಹಟದ ಬಗ್ಗೆ ನಾಚಿಕೆಯಾಯಿತು.

ಕಂಡದ್ದನ್ನಷ್ಟೇ ಬರೆಯುವವರು ಲೋಕಕ್ಕೆ ಬೇಕು. ಸುಳ್ಳಾಡದ ಕೈ ಸುಲಭಕ್ಕೆ ಸಿಕ್ಕುವಂಥದ್ದಲ್ಲ. ಆದರೆ ಸತ್ಯಕ್ಕಾಗಿ ತಾವು ಕಾಯುವಾಗ ಇನ್ನೊಬ್ಬರನ್ನೂ ಕಾಯಿಸುತ್ತಿದ್ದೇವೆಂಬುದು ಇಂಥವರಿಗೆ ಹೊಳೆಯುವುದಿಲ್ಲ. ಹೊಳೆಯುವ ಹೊತ್ತಿಗೆ ಚಿತ್ರ ಮುಗಿದಿರುತ್ತದೆ, ಅದನ್ನು ಬೇಡಿದ ಕಣ್ಣು ಇರುವುದಿಲ್ಲ.