ಆರ್‌ಕೆ ೮೩೫

ತಿಲ್ಲಾ ಸೌರೆನ್ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಹ್ಯೂಬ್ ನಿಂತಿದ್ದ. ಹನ್ನೊಂದು ವರ್ಷದಿಂದ ಬೀದಿಯಲ್ಲಿ ಎದುರಾದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವನು. ಇವತ್ತು ಕೋಟಿನ ಗುಂಡಿ ಕೂಡ ಹಾಕಿರಲಿಲ್ಲ.

ಒಂದು ಕಾಲಕ್ಕೆ ಇಬ್ಬರೂ ತುರ್ತು ಕರೆ ಕೇಂದ್ರದಲ್ಲಿ ಜೊತೆಗೆ ದುಡಿದವರು. ಅವನು ಮೇಲ್ವಿಚಾರಕ, ಅವಳು ಕರೆ ಬರೆದುಕೊಳ್ಳುವವಳು. ಒಂದು ಮಧ್ಯಾಹ್ನ ಹ್ಯೂಬ್ ಹೆಚ್ಚುಕಮ್ಮಿ ಒಂದೇ ಹೆಸರಿನ ಇನ್ನೊಂದು ಹಳ್ಳಿಗೆ ಆಂಬುಲೆನ್ಸ್ ಕಳಿಸಿಬಿಟ್ಟ. ಹೆಂಚು ಹೊದಿಸುವಾಗ ಸೂರಿನಿಂದ ಬಿದ್ದಿದ್ದ ಕೆಲಸಗಾರನೊಬ್ಬ ಕಾದು ಕಾದು ಸತ್ತ. ವಿಚಾರಣೆಯಲ್ಲಿ, "ಊರಿನ ಹೆಸರು ತಪ್ಪು ಬರೆದವಳು ತಿಲ್ಲಾ" ಎಂದು ಹ್ಯೂಬ್ ಕಣ್ಣು ಮಿಟುಕಿಸದೆ ಹೇಳಿದ. ಅವಳ ಕೆಲಸ ಹೋಯಿತು. ಅವಳು ಬ್ರೆಡ್ ಅಂಗಡಿಗೆ ಕಾಲಿಟ್ಟರೆ ಹೆಂಗಸರ ಮಾತು ನಿಂತುಹೋಗುತ್ತಿತ್ತು.

ಅವಳ ಊರು ವಾಲ್ಸ್ ಇರುವುದು ಮೂರು ದೇಶಗಳ ಗಡಿ ಕೂಡುವಲ್ಲಿ. ಕೆಲಸ ಹೋದ ಮೇಲೆ ಅವಳು ಸೈಕಲ್ ಏರಿ ಗಡಿಯಾಚೆಗೂ ಈಚೆಗೂ ತಿರುಗಿದಳು. ಜರ್ಮನಿಯದೋ ಬೆಲ್ಜಿಯಮ್‌ನದೋ, ಕಂಡ ಪ್ರತಿ ಆಂಬುಲೆನ್ಸಿನ ನಂಬರು, ಅದು ನಿಲ್ಲುವ ಠಾಣೆ, ರೋಗಿಗಳನ್ನು ಒಯ್ಯುವ ಆಸ್ಪತ್ರೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಳು. "ಇನ್ನೊಬ್ಬನ್ನ ಸಾಯಿಸೋಕೆ ಲೆಕ್ಕ ಇಡ್ತಾವಳೆ" ಎಂದು ಹೆಂಡದಂಗಡಿಯಲ್ಲಿ ನಗಿಸುತ್ತಿದ್ದವನೂ ಇದೇ ಹ್ಯೂಬ್.

"ತಿಲ್ಲಾ, ಬಸ್ಸು ಮಗುಚಿದ್ದು ಕೇಳಿದ್ಯಲ್ಲ? ಆ ಬಸ್ಸಲ್ಲಿ ನಮ್ಮ ಯೋರಿನ್ ಇದ್ಲು."

ಗಡಿಯಾಚೆ ಜರ್ಮನಿಯ ಹೆದ್ದಾರಿಯಲ್ಲಿ ಮಂಜು ಕವಿದು ಅಪಘಾತವಾಗಿತ್ತು. ನಲವತ್ತು ಜನರನ್ನು ದಿಕ್ಕಿಗೊಬ್ಬರಂತೆ ಸಾಗಿಸಿದ್ದರು. ಮಗಳು ಎಲ್ಲಿದ್ದಾಳೆಂದು ಪೊಲೀಸರಿಗೂ ಗೊತ್ತಿಲ್ಲ, ಯಾವ ಆಸ್ಪತ್ರೆಯ ಫೋನೂ ಸಿಗುತ್ತಿಲ್ಲ. ದಾರಿಹೋಕನೊಬ್ಬ ತೆಗೆದ ಫೋಟೋ ಮಾತ್ರ ಹ್ಯೂಬ್‌ನ ಮೊಬೈಲಿನಲ್ಲಿತ್ತು: ಸ್ಟ್ರೆಚರಿನ ಮೇಲೆ ಯೋರಿನ್, ಹಿಂದೆ ಆಂಬುಲೆನ್ಸು. ನಂಬರಿನಲ್ಲಿ ಊರು ತಿಳಿಸುವ ಮೊದಲ ಅಕ್ಷರಗಳನ್ನು ಯಾರದೋ ಬೆನ್ನು ಮುಚ್ಚಿತ್ತು. ಉಳಿದದ್ದು ಆರ್‌ಕೆ ೮೩೫.

"ಆರ್‌ಕೆ ನಂಬರಿನ ಗಾಡಿ ಆಖೆನ್‌ನಲ್ಲೂ ಇದಾವೆ, ಹೈನ್ಸ್‌ಬರ್ಗ್‌ನಲ್ಲೂ ಇದಾವೆ, ಇನ್ನೂ ಎಲ್ಲೆಲ್ಲೋ ಇದಾವೆ. ಇದು ಎಲ್ಲಿದು ಅಂತ ನಿಂಗೊಬ್ಳಿಗೇ ಗೊತ್ತಿರೋದು."

ತಿಲ್ಲಾಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಪುಸ್ತಕ ತೆಗೆಯುವುದೇ ಬೇಕಿರಲಿಲ್ಲ. ಅವಳು ಮೇಜಿನ ಮೇಲೆ ಬಿಳಿ ಹಾಳೆಯೊಂದನ್ನು, ಪೆನ್ನನ್ನು ಇಟ್ಟಳು.

"ಕೂತ್ಕೋ. ಅವತ್ತು ನಡೆದಿದ್ದನ್ನ ಬರಿ."

"ಏನೇ ಇದು? ಮಗಳು ಸಾಯ್ತಿದಾಳೇನೋ!"

"ಹಂಗಾದ್ರೆ ಬೇಗ ಬರಿ."

ಅವನು ಬೈದ. ಮೇಜು ಗುದ್ದಿದ. ಆಮೇಲೆ ಅತ್ತ. ಅವಳು ಕಾಫಿ ಬಗ್ಗಿಸಿಕೊಂಡು ಕುಡಿಯುತ್ತಾ ಕೂತಳು. ಕೊನೆಗೆ ಅವನು ನಾಲ್ಕು ಸಾಲು ಗೀಚಿ ಮುಂದೆ ತಳ್ಳಿದ.

"'ತಪ್ಪಾಗಿರಬಹುದು' ಅಲ್ಲ," ಎಂದಳು ಓದಿ. "'ತಪ್ಪು ನಂದು, ತಿಲ್ಲಾ ಮೇಲೆ ಸುಳ್ಳು ಹೇಳಿದೆ' ಅಂತ ಬರಿ. ಸತ್ತವನ ಹೆಸರೂ ಹಾಕು."

ಅವನಿಗೆ ಆ ಹೆಸರು ನೆನಪಿರಲಿಲ್ಲ. ಅವಳೇ ಹೇಳಿ ಬರೆಸಿದಳು, ಒಂದೊಂದೇ ಅಕ್ಷರ. ಸಹಿಯ ಶಾಯಿ ಒಣಗಿದ ಮೇಲೆ ಹೇಳಿದಳು: "ಡ್ಯೂರೆನ್. ಊರಾಚೆ ಗುಡ್ಡದ ಮೇಲಿನ ಆಸ್ಪತ್ರೆ. ಹೋಗು."

ಹ್ಯೂಬ್ ತಲುಪುವ ಹತ್ತು ನಿಮಿಷ ಮೊದಲು ಯೋರಿನ್‌ಳನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಒಯ್ದಿದ್ದರು. ಪ್ರಜ್ಞೆ ತಪ್ಪುವವರೆಗೂ ಅಪ್ಪ ಬಂದರಾ ಎಂದು ಕೇಳುತ್ತಿದ್ದಳಂತೆ. ಜೀವ ಉಳಿಯಿತು.

ಮರುದಿನ ಬೆಳಿಗ್ಗೆ ಆ ಹಾಳೆ ಬ್ರೆಡ್ ಅಂಗಡಿಯ ಗೋಡೆಯಲ್ಲಿತ್ತು. ಸತ್ತವನ ಹೆಂಡತಿ ನೆಟ್ ಎರಡು ಸಲ ಓದಿ ತಿಲ್ಲಾಳ ಕೈ ಹಿಡಿದುಕೊಂಡಳು. ಹ್ಯೂಬ್ ಹೆಂಡದಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಇದೆಲ್ಲ ತಿಲ್ಲಾಗೆ ಹಿಗ್ಗು ತಂದಿತು. ಮುಚ್ಚುಮರೆ ಯಾಕೆ, ತುಂಬಾ ಹಿಗ್ಗು ತಂದಿತು.

ಆರು ವಾರದ ಮೇಲೆ ಊರುಗೋಲು ಊರಿಕೊಂಡು ಯೋರಿನ್ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ನಮ್ಮಪ್ಪ ಇಲ್ಲಿ ಎಷ್ಟು ಹೊತ್ತು ಕೂತಿದ್ರು?"

"ಇಪ್ಪತ್ತು ನಿಮಿಷ."

"ಅಷ್ಟೂ ಹೊತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಹುಡುಗಿ ಅವಳನ್ನೇ ನೋಡಿದಳು. "ಅಪ್ಪ ಮಾಡಿದ್ದಕ್ಕೆ ನಿಮ್ಮನ್ನ ಕ್ಷಮೆ ಕೇಳೋಣ ಅಂತ ಬಂದಿದ್ದೆ," ಎಂದಳು. "ಈಗ ಕೇಳಲ್ಲ."

"ಬೇಡ," ಎಂದಳು ತಿಲ್ಲಾ. ಹುಡುಗಿ ಮೂರು ಮೆಟ್ಟಿಲು ಇಳಿಯುವುದಕ್ಕೆ ಪಡುತ್ತಿದ್ದ ಪಾಡು ನೋಡಿ ಒಮ್ಮೆ ಕೈ ಚಾಚಿದಳು. ಯೋರಿನ್ ಅದನ್ನು ಹಿಡಿಯಲಿಲ್ಲ.