ನಿರೀಕ್ಷಿತ ಆಯುಸ್ಸು

ಇವತ್ತು ಹೇಳಿಯೇಬಿಡಬೇಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ತಮ್ಮ ಡಾಕ್ಟರ್ ಕೊಟ್ಟ ರಿಪೋರ್ಟನ್ನು ಅವನ ಆಫೀಸಿನ ಮೇಜಿನ ತುಂಬ ಹರಡಿಬಿಟ್ಟರು.

"ನೋಡು, ಸಕ್ಕರೆ ಇಲ್ಲ, ಬೀಪಿ ಇಲ್ಲ. ನೂರು ಹೊಡೀತೀರ ಮೇಡಂ ಅಂತ ಕೈ ಬೇರೆ ಕುಲುಕಿದ್ರು ಆ ಡಾಕ್ಟ್ರು."

"ಒಳ್ಳೇದಾಯ್ತು ಟೀಚರ್."

"ಒಳ್ಳೇದಾಯ್ತು ಅಂತ ಹೀಗಾ ಹೇಳೋದು? ಸತ್ತವರ ಮನೆಗೆ ಬಂದವನ ಹಾಗೆ ಮುಖ ಮಾಡ್ಕೊಂಡು?"

ಅವನು ನಕ್ಕ. ನಗಲು ಅಷ್ಟು ಕಷ್ಟಪಡಬೇಕಾದೀತೆಂದು ಅವನಿಗೆ ಗೊತ್ತಿರಲಿಲ್ಲ.

ಅವನು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಉಳಿಸುವ, ಮುಪ್ಪಿಗೆಂದು ನಾಲ್ಕು ಕಾಸು ಕೂಡಿಡುವ ದಾರಿ ಹೇಳಿಕೊಡುವ ಸಲಹೆಗಾರ. ಟೀಚರ್ ಅವನ ಮೊದಲ ಗಿರಾಕಿ. ಅದಕ್ಕೂ ಮೊದಲು ಅವನೇ ಅವರ ಟೈಪಿಂಗ್ ಶಾಲೆಯಲ್ಲಿ ಕಲಿತವನು. ಅರವತ್ತು ತುಂಬಿದಾಗ ಅವರು ಶಾಲೆಯ ಜಾಗ ಮಾರಿ, ಬಂದದ್ದನ್ನೆಲ್ಲ ತಂದು ಅವನ ಮುಂದಿಟ್ಟು, "ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಸಾಯೋತನಕ ಯಾರ ಮುಂದೇನೂ ಕೈ ಚಾಚಬಾರದು, ಅಷ್ಟು ನೋಡ್ಕೋ" ಎಂದಿದ್ದರು.

ಫಾರಂನಲ್ಲಿ 'ನಿರೀಕ್ಷಿತ ಆಯುಸ್ಸು' ಎಂಬುದೊಂದು ಕಾಲಂ ಇತ್ತು. ಎಷ್ಟು ಬರೆಯಲಿ ಎಂದು ಅವನು ಕೇಳಿದ್ದ.

"ನಮ್ಮ ಮನೇಲಿ ಎಪ್ಪತ್ತು ದಾಟಿದವರೇ ಇಲ್ಲ. ಎಂಬತ್ತು ಹಾಕು, ಧಾರಾಳ ಆಯ್ತು."

ಅವನು ಎಂಬತ್ತು ಹಾಕಿದ. ತೊಂಬತ್ತೈದು ಹಾಕೋಣ ಎನ್ನಬಹುದಿತ್ತು. ಆದರೆ ಹಾಗೆ ಹಾಕಿದರೆ ತಿಂಗಳು ತಿಂಗಳು ಕೈಗೆ ಬರುವ ಹಣ ಕಡಿಮೆಯಾಗಿ, ಟೀಚರ್ ಬೇರೆ ಸಲಹೆಗಾರನನ್ನು ಹುಡುಕಿಕೊಂಡು ಹೋಗುತ್ತಿದ್ದರೇನೋ. ಅವನಿಗೆ ಆಗ ಒಬ್ಬ ಗಿರಾಕಿಯಾದರೂ ಬೇಕಿತ್ತು.

ಆಮೇಲಿನ ಇಪ್ಪತ್ತು ವರ್ಷದಲ್ಲಿ ಮಾರುಕಟ್ಟೆ ಎರಡು ಸಲ ಮಕಾಡೆ ಬಿದ್ದು ಎದ್ದಿತು. ಅವನ ಲೆಕ್ಕ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ಟೀಚರ್‌ಗೆ ಎಂಬತ್ತು ತುಂಬುತ್ತದೆ. ಅದೇ ತಿಂಗಳು ಅವರ ದುಡ್ಡೂ ಮುಗಿಯುತ್ತದೆ. ಇಷ್ಟು ಕರಾರುವಾಕ್ಕಾದ ಯೋಜನೆಯನ್ನು ಅವನು ಇನ್ನೊಬ್ಬರಿಗೆ ಮಾಡಿಕೊಟ್ಟದ್ದಿಲ್ಲ. ವರ್ಷಕ್ಕೊಮ್ಮೆ ಮನೆಗೆ ಬರುವ ವಿವರಗಳ ಲಕೋಟೆಯನ್ನು ಟೀಚರ್ ಒಡೆದು ನೋಡುವವರಲ್ಲ. ನೀನಿದ್ದೀಯಲ್ಲ ಎನ್ನುವವರು.

ಹೋದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಾನು ಮನಸ್ಸಿನಲ್ಲಿ ಬಯಸಿದ್ದೇನು ಎಂಬುದು ಅವನಿಗೆ ಗೊತ್ತು. ಒಂಬತ್ತನೆಯ ದಿನ ಜ್ವರ ಬಿಟ್ಟಿತು. ಟೀಚರ್ ಎದ್ದು ಕೂತು, ಬ್ರೆಡ್ಡು ಕೊಡಿಸೋ, ಹಸಿವು ಎಂದರು. ಅವನಿಗೆ ಅಳು ಉಕ್ಕಿ ಬಂತು.

"ನನ್ನ ಹೊಟ್ಟೇಲಿ ಒಬ್ಬ ಹುಟ್ಟಿದ್ದಿದ್ರೂ ಹೀಗೆ ಅಳ್ತಿರಲಿಲ್ಲ ಕಣೋ" ಎಂದು ಅವರು ಅವನ ತಲೆ ನೇವರಿಸಿದರು. ಅವನು ಸುಮ್ಮನೆ ನೇವರಿಸಿಕೊಂಡ.

"ಟೀಚರ್, ನಿಮ್ಮ ಉಳಿತಾಯದ ವಿಷಯ ಒಂಚೂರು ಮಾತಾಡ್ಬೇಕಿತ್ತು" ಎಂದ ಅವನು ಈಗ, ಮೇಜಿನ ಮೇಲಿನ ರಿಪೋರ್ಟನ್ನು ಪಕ್ಕಕ್ಕೆ ಸರಿಸಿ.

"ನಾನೂ ಅದಕ್ಕೇ ಬಂದೆ. ಮನೆ ಓನರ್ ಐದು ವರ್ಷಕ್ಕೆ ಅಗ್ರಿಮೆಂಟ್ ಮಾಡ್ಕೊಡ್ತಾನಂತೆ. ಸೈನ್ ಹಾಕ್ಲಾ?"

ಅವನು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ.

"ಯಾಕೋ, ಬಾಡಿಗೆ ಜಾಸ್ತಿ ಆಯ್ತಾ?"

"ಹಾಗಲ್ಲ... ನೋಡೋಣ."

"ನೀನು ನೋಡೋಣ ಅಂದ್ರೆ ಆಯ್ತು ಅಂತಾನೇ ಲೆಕ್ಕ. ಏಳು, ವರ್ತಕರ ಸಂಘದಲ್ಲಿ ನಿನ್ನ ಭಾಷಣಕ್ಕೆ ಹೊತ್ತಾಯ್ತು. ನಾನೂ ಬರ್ತೀನಿ, ನೀನು ಹೇಗೆ ಮಾತಾಡ್ತೀಯ ನೋಡ್ಬೇಕು."

ಟೀಚರ್ ಲಿಫ್ಟಿನ ಮುಂದೆ ನಿಂತಿದ್ದಾಗ ಹೆಂಡತಿಯ ಫೋನು ಬಂತು.

"ಹೇಳಿದ್ರಾ?"

"ಇನ್ನೂ ಇಲ್ಲ."

"ಹೋದ ವರ್ಷಾನೇ ಹೇಳಿದ್ರೆ ಖರ್ಚಾದ್ರೂ ಹಿಡಿದು ಮಾಡ್ತಿದ್ರು ಪಾಪ."

"ಭಾಷಣ ಮುಗಿದ ಮೇಲೆ ಹೇಳ್ತೀನಿ."

"ಹೇಳಲ್ಲ ಬಿಡಿ ನೀವು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಂದು ಮಾತು ಎದುರಾಡಬಹುದಿತ್ತು.

ವರ್ತಕರ ಸಂಘದ ಹಾಲಿನಲ್ಲಿ ನಲವತ್ತು ಜನ ಸೇರಿದ್ದರು. ಬಣ್ಣದಂಗಡಿ ಇಟ್ಟಿದ್ದ ಸಂಘದ ಅಧ್ಯಕ್ಷರು, ಬೀಗ ರಿಪೇರಿಯವನು, ಲಾಂಡ್ರಿ ನಡೆಸುವ ಗಂಡಹೆಂಡತಿ. ಯಾರಿಗೂ ಮುಪ್ಪಿನ ಚಿಂತೆ ಇರಲಿಲ್ಲ. ಬಂದದ್ದು ತೆರಿಗೆಯ ಕಾಟಕ್ಕೆ. ನಿವೃತ್ತಿಗೆಂದು ಎತ್ತಿಟ್ಟ ದುಡ್ಡಿಗೆ ಈ ವರ್ಷ ತೆರಿಗೆ ಇಲ್ಲ ಎಂದು ಅವನು ಹೇಳಿದ್ದೇ ತಡ, ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು. ಅವನು ಚೆನ್ನಾಗಿಯೇ ಮಾತಾಡಿದ. ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ ತನ್ನ ಮಾತನ್ನು ತಾನೇ ಕೇಳಿದ.

ಫಾರಂ ಹಂಚಿದ್ದಾಯಿತು.

"ಸರ್, ಎಷ್ಟು ವರ್ಷ ಬದುಕ್ತೀವಿ ಅಂತ ಬರೀಬೇಕಾ? ಅದು ನಮಗೇನು ಗೊತ್ತು?" ಎಂದ ಬೀಗದವನು.

"ನಿನ್ನ ಹೆಂಡ್ತೀನ ಕೇಳಯ್ಯ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

"ಜಾಸ್ತೀನೇ ಹಾಕಿ" ಎಂದ ಅವನು. "ತೊಂಬತ್ತೈದು. ನೂರು ಹಾಕಿದ್ರೂ ತಪ್ಪಿಲ್ಲ."

"ನೂರು ಹಾಕಿದ್ರೆ ತಿಂಗಳಿಗೆ ಎಷ್ಟು ಕಟ್ಬೇಕು?" ಎಂದಳು ಲಾಂಡ್ರಿಯವಳು.

ಅವನು ಹೇಳಿದ. ಪೆನ್ನುಗಳು ಒಂದೊಂದಾಗಿ ಕೆಳಗಿಳಿದವು.

ಆಗ ಟೀಚರ್ ಎದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

"ಇವನು ನನ್ನ ಶಿಷ್ಯ. ಸಂಕೋಚದ ಪ್ರಾಣಿ, ತನ್ನ ಬಗ್ಗೆ ತಾನು ಹೇಳ್ಕೊಳ್ಳಲ್ಲ. ನಾನು ಇಪ್ಪತ್ತು ವರ್ಷದ ಹಿಂದೆ ಇವನ ಹತ್ರ ಎಂಬತ್ತು ಅಂತ ಬರೆಸ್ದೆ. ಇವತ್ತಿನವರೆಗೆ ಒಂದು ತಿಂಗಳೂ ದುಡ್ಡು ತಪ್ಪಿಲ್ಲ. ತಲೆ ಕೆಳಗಿಟ್ರೆ ನಿದ್ದೆ. ಇನ್ನೇನು ಬೇಕು?"

"ಈಗ ನಿಮಗೆಷ್ಟು ವಯಸ್ಸಮ್ಮ?"

"ಇನ್ನು ನಾಲ್ಕು ತಿಂಗಳಿಗೆ ಎಂಬತ್ತು!"

ಚಪ್ಪಾಳೆ ಬಿತ್ತು. ಅವನು ಒಂದೊಂದೇ ಮುಖ ನೋಡುತ್ತಾ ಹೋದ. ಚಿಲ್ಲರೆಯಲ್ಲಿ ಒಂದು ಕಾಸು ಹೆಚ್ಚುಕಡಿಮೆಯಾದರೂ ಹಿಡಿದುಬಿಡುವ ಜನ. ಯಾರಾದರೂ ಒಬ್ಬರು ಕೂಡಿ ಕಳೆದು, ಹಾಗಾದರೆ ಐದನೇ ತಿಂಗಳಿಗೇನು ಎಂದು ಕೇಳಲಿ ಎಂದು ಅವನು ಕಾದ. ಕೇಳಿದರೆ ಹೇಳಿಬಿಡುತ್ತಿದ್ದ. ಖಂಡಿತ ಹೇಳಿಬಿಡುತ್ತಿದ್ದ.

ಬೀಗದವನು ಪೆನ್ನಿನ ಮುಚ್ಚಳ ತೆಗೆದ. ಅಧ್ಯಕ್ಷರು ಬೀಗದವನ ಫಾರಂ ನೋಡಿಕೊಂಡು ಎಂಬತ್ತು ಎಂದು ಬರೆದರು. ಲಾಂಡ್ರಿಯವಳು ಗಂಡನ ಪರವಾಗಿ ತಾನೇ ಬರೆದಳು. ಟೀಚರ್ ಕುರ್ಚಿಯಿಂದ ಕುರ್ಚಿಗೆ ಓಡಾಡುತ್ತಿದ್ದರು.

"ತೊಂಬತ್ತು ಯಾಕಪ್ಪ, ಸುಮ್ಮನೆ ಹೊರೆ. ಹೊಡೆದುಹಾಕು. ಎಂಬತ್ತು ಮಾಡು. ಹಾಂ, ಪಕ್ಕದಲ್ಲಿ ಸೈನ್ ಹಾಕು."

ಅವನು ಮೈಕು ಎತ್ತಿಕೊಂಡ.

"ಒಂದು ನಿಮಿಷ."

ನಲವತ್ತು ತಲೆಗಳು ಮೇಲೆದ್ದವು. ಟೀಚರೂ ತಿರುಗಿ ನೋಡಿದರು. ಈಗ ತಮ್ಮ ಹೆಸರು ಹೇಳಿ ಹೊಗಳುತ್ತಾನೆಂಬ ನಾಚಿಕೆ ಅವರ ಮುಖದ ಮೇಲಿತ್ತು.

ಅವನು ಬಾಯಿ ತೆರೆದ. ಗೋಡೆಯ ಮೇಲಿನ ಎರಡೂ ಸ್ಪೀಕರುಗಳಲ್ಲಿ ಅವನ ಉಸಿರು ಕೇಳಿಸಿತು.

"ಕೇಳಿಸ್ತಿಲ್ಲ ಸರ್" ಎಂದು ಹಿಂದಿನಿಂದ ಯಾರೋ ಕೂಗಿದರು.

ಅವನು ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದ. ಉಸಿರು ದೊಡ್ಡದಾಯಿತು. ಒಳಗೆ ಎಳೆದದ್ದು, ಹೊರಗೆ ಬಿಟ್ಟದ್ದು, ಮತ್ತೆ ಎಳೆದದ್ದು ಹಾಲಿನ ತುಂಬ ಕೇಳಿಸುತ್ತಿತ್ತು. ಜನ ಸ್ವಲ್ಪ ಹೊತ್ತು ಕಾದರು. ಆಮೇಲೆ ಒಬ್ಬೊಬ್ಬರಾಗಿ ತಲೆ ಬಗ್ಗಿಸಿ, ಆ ಉಸಿರಿನ ಸದ್ದಿನ ಕೆಳಗೆ, ಬರೆಯತೊಡಗಿದರು.